ಅಕ್ಕನ ಮೊಣಕಾಲಿನ ನೀರು

ನಮ್ಮ ನೆಂಟರಿಷ್ಟರಲ್ಲಿ ನನಗೆ ಅರ್ಧ ಡಾಕ್ಟರೆಂದು ಹೆಸರು. ಉಳಿದರ್ಧ ಎಲ್ಲಿ ಹೋಯಿತೆಂದು ಈ ಇಪ್ಪತ್ತೇಳು ವರ್ಷಗಳಲ್ಲಿ ಯಾರೂ ಕೇಳಿಲ್ಲ, ನಾನೂ ಹೇಳಲು ಹೋಗಿಲ್ಲ. ನಿಜ ಹೇಳಬೇಕೆಂದರೆ ನಾನು ಕಾಲು ಡಾಕ್ಟರೂ ಅಲ್ಲ. ಒಂದು ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿರುವ ಲ್ಯಾಬಿನಲ್ಲಿ ಟೆಕ್ನಿಷಿಯನ್. ಮೇಲಿನ ಮಹಡಿಗಳಿಂದ ಸೀಸೆಗಳಲ್ಲಿ ಇಳಿದು ಬರುವ ಕೀವು, ಕಫ, ರಕ್ತ ಮುಂತಾದವನ್ನು ಅಂಗೈಯಗಲದ ಪ್ಲೇಟುಗಳ ಮೇಲೆ ಸವರಿ, ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು, ಯಾವ ರೋಗಾಣು ಬೆಳೆಯಿತೆಂದು ನೋಡಿ ಬರೆಯುವುದು ನನ್ನ ಕೆಲಸ. ಆದರೆ ಬಿಳಿ ಕೋಟು ಹಾಕಿಕೊಂಡವನು ಏನು ಮಾಡುತ್ತಾನೆಂದು ನೆಂಟರಿಗೆ ಯಾಕೆ ಬೇಕು? ನಾಲ್ಕು ಜನ ಸೇರಿದ ಕಡೆ ಯಾರಾದರೊಬ್ಬರು ನನ್ನೆದುರು ನಾಲಗೆ ಚಾಚುತ್ತಾರೆ. ನಾನು ಕನ್ನಡಕ ಮೇಲೇರಿಸಿ, ನೋಡಿ, "ಹೂಂ" ಎನ್ನುತ್ತೇನೆ. ಅಷ್ಟು ತೂಕದ "ಹೂಂ" ಕಲಿಯಲು ನನಗೆ ಹತ್ತು ವರ್ಷ ಹಿಡಿದಿದೆ.

ಲ್ಯಾಬಿನಲ್ಲಿ ನನ್ನ ಹೆಸರು ಬೇರೆ. ಅಲ್ಲಿ ನಾನು "ಮೂರ್ದಿನ". ಯಾವ ಪ್ಲೇಟನ್ನಾದರೂ ಮೂರನೆಯ ದಿನ ಬೆಳಗ್ಗೆ ಬೆಳಕಿಗೆ ಹಿಡಿದು, "ಇವನಲ್ಲಿ ಏನೂ ಇಲ್ಲ" ಎಂದು ತೀರ್ಪು ಕೊಟ್ಟು, ಕಸದ ಚೀಲಕ್ಕೆ ಹಾಕುತ್ತಿದ್ದೆ. ಬಹುಪಾಲು ರೋಗಾಣುಗಳು ಒಂದೆರಡು ದಿನದಲ್ಲೇ ಮುಖ ತೋರಿಸುತ್ತವೆ, ಆದ್ದರಿಂದ ನನ್ನ ತೀರ್ಪು ಬಹುಪಾಲು ಸರಿಯಾಗಿಯೇ ಇರುತ್ತಿತ್ತು. ಬಹುಪಾಲು ಸರಿ ಇರುವವನಿಗೆ ಬರುವಷ್ಟು ಸೊಕ್ಕು ಯಾವಾಗಲೂ ಸರಿ ಇರುವವನಿಗೂ ಬರುವುದಿಲ್ಲ.

ಆರು ವರ್ಷದ ಹಿಂದೆ ಲ್ಯಾಬಿನ ಮುಖ್ಯಸ್ಥೆಯಾಗಿ ಹೊಸ ಮೇಡಂ ಬಂದರು. ನನಗಿಂತ ಹದಿನೆಂಟು ವರ್ಷ ಚಿಕ್ಕವರು. ಬಂದ ವಾರವೇ ಗೋಡೆಗೆ ಒಂದು ಹಾಳೆ ಅಂಟಿಸಿದರು: ಕೃತಕ ಕೀಲಿನಿಂದ ಬಂದ ಯಾವ ಸ್ಯಾಂಪಲ್ಲನ್ನೂ ಹದಿನಾಲ್ಕು ದಿನಕ್ಕೆ ಮೊದಲು ಎಸೆಯಬಾರದು.

"ಹದಿನಾಲ್ಕು ದಿನಾನಾ? ಮೇಡಂ, ನಾವು ರೋಗಾಣು ಹುಡುಕ್ತಿದ್ದೀವೋ, ಕೋಳಿ ಕಾವಿಗೆ ಕೂರಿಸ್ತಿದ್ದೀವೋ?" ಎಂದೆ.

"ಕೋಳಿ ಆಗಿದ್ರೆ ಇಪ್ಪತ್ತೊಂದು ದಿನ. ಒಂದು ವಾರ ಉಳೀತಲ್ಲ, ಖುಷಿಪಡಿ" ಎಂದರು ಅವರು, ತಲೆಯೆತ್ತದೆ.

ಆಮೇಲೆ ಕೂರಿಸಿಕೊಂಡು ವಿವರಿಸಿದರು. ಲೋಹದ ಮೊಣಕಾಲಿಗೋ ಸೊಂಟದ ಕೀಲಿಗೋ ಅಂಟುವ ರೋಗಾಣುಗಳಲ್ಲಿ ಕೆಲವು ಜ್ವರ, ಕೀವು ಎಂದು ಗಲಾಟೆ ಮಾಡುವುದಿಲ್ಲ. ಬಾಡಿಗೆಗೆ ಬಂದು ಮನೆಯನ್ನೇ ನುಂಗುವ ಸಾಧುಗಳ ಹಾಗೆ, ಲೋಹದ ಮೇಲೆ ಒಂದು ಲೋಳೆ ಪದರ ಹೊದ್ದುಕೊಂಡು ತಣ್ಣಗೆ ಇರುತ್ತವೆ. ಪ್ಲೇಟಿನ ಮೇಲೆ ಬೆಳೆಯಲೂ ಅವಕ್ಕೆ ಅವಸರವಿಲ್ಲ. ಮೊಡವೆಯಲ್ಲಿರುವ ರೋಗಾಣುವಂತೂ ಗಾಳಿಯಿಲ್ಲದ ಜಾಡಿಯಲ್ಲಿಟ್ಟರೆ ಏಳನೆಯ, ಎಂಟನೆಯ, ಹತ್ತನೆಯ ದಿನ ನಿಧಾನವಾಗಿ ಎದ್ದು ಬರುತ್ತದೆ. ಇನ್ನೊಂದು ಮಾತನ್ನೂ ಒತ್ತಿ ಹೇಳಿದರು: ರೋಗಿ ಆ್ಯಂಟಿಬಯೋಟಿಕ್ ತೆಗೆದುಕೊಂಡಿದ್ದರೆ ಕನಿಷ್ಠ ಎರಡು ವಾರ ನಿಲ್ಲಿಸಿ, ಆಮೇಲೆ ಕೀಲಿನ ನೀರು ತೆಗೆಯಬೇಕು. ಇಲ್ಲದಿದ್ದರೆ ಮಾತ್ರೆಯ ಏಟಿಗೆ ಅರೆಜೀವವಾದ ರೋಗಾಣು ಪ್ಲೇಟಿನ ಮೇಲೆ ಏಳುವುದೇ ಇಲ್ಲ, ಕೀಲಿನೊಳಗೆ ಮಾತ್ರ ಸುಖವಾಗಿರುತ್ತದೆ.

ಈ ಎರಡನೆಯ ಮಾತು ನನಗೆ ಬಹಳ ಹಿಡಿಸಿತು, ಯಾಕೆಂದರೆ ಅದರಲ್ಲಿ ಬೇರೆಯವರನ್ನು ಬೈಯಲು ಅವಕಾಶವಿತ್ತು. ಸ್ಯಾಂಪಲ್ ಜೊತೆ ಬರುವ ಫಾರಮ್ಮಿನಲ್ಲಿ "ಆ್ಯಂಟಿಬಯೋಟಿಕ್ ತೆಗೆದುಕೊಂಡಿದ್ದಾರೆಯೇ?" ಎಂಬ ಒಂದು ಚೌಕ ಇದೆ. ವಾರ್ಡಿನ ನರ್ಸುಗಳು ಅದನ್ನು ಖಾಲಿ ಬಿಟ್ಟರೆ ನಾನು ಫೋನೆತ್ತಿ ಪಾಠ ಶುರು ಮಾಡುತ್ತಿದ್ದೆ. "ಸಿಸ್ಟರ್, ಆ ಚೌಕ ಚಂದಕ್ಕೆ ಇಟ್ಟಿದ್ದಲ್ಲ. ಅದರಲ್ಲಿ ಒಬ್ಬ ಮನುಷ್ಯನ ಕಾಲು ಇದೆ." ಈ ವಾಕ್ಯವನ್ನು ನಾನೇ ಕಟ್ಟಿದ್ದು. ಹೇಳುವಾಗ ನನ್ನ ಧ್ವನಿ ನನಗೇ ಇಷ್ಟವಾಗುತ್ತಿತ್ತು.

ಇನ್ನು ಅಕ್ಕನ ವಿಷಯ. ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು, ನಿವೃತ್ತ ಡ್ರಿಲ್ ಟೀಚರು. ಮೂವತ್ತೈದು ವರ್ಷ ಮೈದಾನದಲ್ಲಿ ಸೀಟಿ ಊದಿ ಮಕ್ಕಳನ್ನು ಓಡಿಸಿದವಳು, ತಾನೂ ಜೊತೆಗೆ ಓಡಿದವಳು. ಬಲ ಮೊಣಕಾಲು ಸವೆದು ನಾಲ್ಕು ವರ್ಷದ ಹಿಂದೆ ಲೋಹದ ಕೀಲು ಹಾಕಿಸಿಕೊಂಡಳು. ಮೊದಲೆರಡು ವರ್ಷ ಚೆನ್ನಾಗಿತ್ತು. ಆಮೇಲೆ ನೋವು ಶುರುವಾಯಿತು. ಕೆಂಪಿಲ್ಲ, ಊತ ಅಷ್ಟಿಲ್ಲ, ಜ್ವರವಿಲ್ಲ, ಬರೀ ನೋವು. "ಒಳಗೆ ಯಾರೋ ಕೂತ್ಕೊಂಡು ಹಲ್ಲು ಕಡೀತಿದ್ದಾರೆ ಅನ್ಸುತ್ತೆ ಕಣೋ" ಎನ್ನುತ್ತಿದ್ದಳು.

"ವಯಸ್ಸಾಯ್ತಲ್ಲ ಅಕ್ಕ. ಗಾಡಿ ಹೊಸದಾದ್ರೂ ರಸ್ತೆ ಹಳೇದು. ಸ್ವಲ್ಪ ತೂಕ ಇಳಿಸು" ಎಂದು ನಾನು ಹೇಳುತ್ತಿದ್ದೆ. ನನ್ನ ಹೊಟ್ಟೆ ಆಗ ಮೇಜಿನ ಅಂಚಿಗೆ ತಾಗಿಕೊಂಡಿರುತ್ತಿತ್ತು ಎಂಬುದನ್ನು ಇಲ್ಲಿ ಹೇಳದಿದ್ದರೆ ತಪ್ಪಾದೀತು.

ಹೀಗೆ ಹದಿನಾಲ್ಕು ತಿಂಗಳು ಕಳೆದವು. ಅವಳ ಮಗಳು, "ಅಮ್ಮನಿಗೆ ಒಬ್ಬಳೇ ಇದ್ದೂ ಇದ್ದೂ ನೋವಿನ ಮೇಲೇ ಗಮನ" ಎಂದಳು. ನನ್ನಾಕೆ, "ಅತ್ತಿಗೆಗೆ ಮಾತಾಡೋಕೆ ಜನ ಬೇಕು, ಅಷ್ಟೆ" ಎಂದಳು. ನಾನು "ಹೂಂ" ಎಂದೆ.

ಒಂದು ಭಾನುವಾರ ಅಕ್ಕ ನಮ್ಮ ಮನೆಗೆ ಬಂದಾಗ ಗಂಟಲು ಕೆಟ್ಟಿತ್ತು, ಮೊಣಕಾಲು ಮುಟ್ಟಿದರೆ ಸ್ವಲ್ಪ ಬೆಚ್ಚಗಿತ್ತು. ನಮ್ಮ ಅಡುಗೆಮನೆಯ ಕಪಾಟಿನಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಇದೆ, ಮನೆಯವರ ಕಾಯಿಲೆಗಳಲ್ಲಿ ಮಿಕ್ಕಿದ ಮಾತ್ರೆಗಳೆಲ್ಲ ಸೇರುವ ಜಾಗ. ನನ್ನಾಕೆಯ ಹಲ್ಲು ನೋವಿಗೆ ಕೊಟ್ಟದ್ದು, ಅವಳು ನೋವು ನಿಂತ ಮೂರನೇ ದಿನ ಬಿಟ್ಟದ್ದು, ಕೆಂಪು ಹಳದಿ ಆ್ಯಂಟಿಬಯೋಟಿಕ್ ಕ್ಯಾಪ್ಸೂಲುಗಳು ಹನ್ನೆರಡು ಇದ್ದವು. ಕಾಗದದಲ್ಲಿ ಸುತ್ತಿ ಅಕ್ಕನ ಕೈಗಿಟ್ಟೆ. ದಿನಕ್ಕೆ ಮೂರರಂತೆ ನಾಲ್ಕು ದಿನ. ಕೊಡುವಾಗ ಒಂದು "ಹೂಂ" ಕೂಡ ಸೇರಿಸಿದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ನಮ್ಮ ಹಿರಿಯರು ಅಂದದ್ದು ನನ್ನಂಥವರನ್ನು ನೋಡಿಯೇ ಇರಬೇಕು.

ಗಂಟಲು ಸರಿಹೋಯಿತು. ಮೊಣಕಾಲಿಗೂ ನಾಲ್ಕು ದಿನ ಆರಾಮೆನಿಸಿತು. ಆದರೂ ಅಕ್ಕ ಹಟ ಹಿಡಿದು, ಮಾತ್ರೆ ಮುಗಿದು ಆರು ದಿನಕ್ಕೆ, ಕೀಲು ಹಾಕಿದ್ದ ನಮ್ಮ ಆಸ್ಪತ್ರೆಯ ಮೂಳೆ ಡಾಕ್ಟರ ಹತ್ತಿರ ಹೋದಳು. ಎಕ್ಸ್‌ರೇಯಲ್ಲಿ ಕೀಲಿನ ಒಂದು ಭಾಗ ಸ್ವಲ್ಪ ಸಡಿಲವಾಗಿತ್ತು. ಡಾಕ್ಟರು ನೇರವಾಗಿ ಹೇಳಿದರು. ಬರೀ ಸವೆತದಿಂದ ಸಡಿಲವಾಗಿದ್ದರೆ ಒಂದೇ ಆಪರೇಷನ್ನಿನಲ್ಲಿ ಆ ಭಾಗ ಬದಲಾಯಿಸಬಹುದು. ಒಳಗೆ ಸೋಂಕಿದ್ದರೆ ಕೀಲನ್ನೆಲ್ಲ ತೆಗೆದು, ಔಷಧ ಬೆರೆಸಿದ ಸಿಮೆಂಟಿನ ತುಂಡಿಟ್ಟು, ಎರಡು ತಿಂಗಳು ಕಾದು, ಆಮೇಲೆ ಹೊಸ ಕೀಲು. ಸೋಂಕಿದ್ದೂ ಗೊತ್ತಾಗದೆ ಅದರ ಮೇಲೆಯೇ ಹೊಸ ಭಾಗ ಕೂರಿಸಿದರೆ ಅದೂ ಕೆಡುತ್ತದೆ, ಮತ್ತೆ ತೆಗೆಯಬೇಕಾಗುತ್ತದೆ, ಪ್ರತಿ ಸಲ ಇಷ್ಟಿಷ್ಟು ಮೂಳೆ ಹೋಗುತ್ತದೆ, ಕೊನೆಗೆ ಕಾಲೇ ಉಳಿಯದೆ ಇರಬಹುದು. "ಮೊಣಕಾಲಿನ ನೀರು ತೆಗೆದು ಲ್ಯಾಬಿಗೆ ಕಳಿಸ್ತೀನಿ. ಅವರು ಏನು ಹೇಳ್ತಾರೋ ಅದರ ಮೇಲೆ" ಎಂದರು.

"ಲ್ಯಾಬು ಅಂದ್ರೆ ನನ್ನ ತಮ್ಮನೇ" ಎಂದಳಂತೆ ಅಕ್ಕ.

ಅವತ್ತೇ ನೀರು ತೆಗೆಯುವಾಗ ಫಾರಮ್ಮನ್ನು ನರ್ಸುಗಳಿಗೆ ಬಿಡದೆ ನಾನೇ ತುಂಬಿದೆ. ಆ ಚೌಕದಲ್ಲಿ, ನನ್ನ ದುಂಡು ಅಕ್ಷರದಲ್ಲಿ, "ಇಲ್ಲ" ಎಂದು ಬರೆದೆ. ಸುಳ್ಳು ಹೇಳಬೇಕೆಂದು ಬರೆದದ್ದಲ್ಲ. ಡಾಕ್ಟರು ಚೀಟಿ ಬರೆದು ಕೊಟ್ಟದ್ದು ಔಷಧಿ, ನಾನು ಡಬ್ಬಿಯಿಂದ ತೆಗೆದು ಕೊಟ್ಟದ್ದು ಪ್ರೀತಿ ಎಂದು ನನ್ನ ತಲೆಯಲ್ಲಿ ಯಾವಾಗಲೋ ಎರಡು ಖಾನೆ ಆಗಿಹೋಗಿತ್ತು. ಮಾತ್ರೆಯ ನೆನಪೇ ಬರಲಿಲ್ಲ.

ನೀರು ಬಂತು, ತುಸು ಮಂಕಾಗಿ, ಹುಲ್ಲಿನ ಬಣ್ಣದಲ್ಲಿ. ಅದರಲ್ಲಿನ ಬಿಳಿ ರಕ್ತಕಣಗಳನ್ನು ಎಣಿಸಿದೆವು. ಸೋಂಕು ಎನ್ನುವ ಗಡಿ ಮೂರು ಸಾವಿರ, ಅಕ್ಕನದು ಎರಡು ಸಾವಿರದ ಆರುನೂರು. ಮೂತ್ರ ಪರೀಕ್ಷೆಯ ಬಣ್ಣದ ಪಟ್ಟಿಯನ್ನೇ ಕೀಲಿನ ನೀರಿಗೂ ಅದ್ದಿ ನೋಡುವ ಒಂದು ಉಪಾಯವಿದೆ, ಸೋಂಕಿದ್ದರೆ ಕಡು ನೇರಳೆಯಾಗುತ್ತದೆ. ಅದು ಆಗಲೋ ಬೇಡವೋ ಎನ್ನುವ ಹಾಗೆ ತಿಳಿ ನೇರಳೆಯಾಯಿತು. ಎರಡೂ ಪರೀಕ್ಷೆಗಳು ಅಡ್ಡಗೋಡೆಯ ಮೇಲೆ ದೀಪ ಇಟ್ಟವು. ಇನ್ನು ಪ್ಲೇಟುಗಳೇ ಗತಿ. ಸ್ವಂತ ಅಕ್ಕನದೆಂದು ಮೂರ್ದಿನನು ಹದಿನಾಲ್ಕು ದಿನವೂ ಕಾದನು. ದಿನಾ ಬೆಳಗ್ಗೆ ಬೆಳಕಿಗೆ ಹಿಡಿದೆ. ಏನೂ ಬೆಳೆಯಲಿಲ್ಲ. ಹದಿನಾಲ್ಕನೆಯ ದಿನ "ಬೆಳವಣಿಗೆ ಇಲ್ಲ" ಎಂದು ಬರೆದು ಮೇಡಂ ಸಹಿ ಹಾಕಿಸಿ, ಮುಂದಿನ ಗುರುವಾರ ಆಪರೇಷನ್ ಎಂದು ನಿಗದಿಯಾದದ್ದನ್ನೂ ತಿಳಿದುಕೊಂಡು, ಅಕ್ಕನಿಗೆ ಫೋನು ಮಾಡಿದೆ.

"ಏನೂ ಇಲ್ಲ ಅಕ್ಕ! ಕ್ಲೀನ್!"

"ಹಂಗಾದ್ರೆ ಇದು ಯಾಕೋ ಮತ್ತೆ ಶುರುವಾಗಿದೆ?" ಎಂದಳು ಅಕ್ಕ. "ನೀನು ಮಾತ್ರೆ ಕೊಟ್ಟಾಗ ನಾಲ್ಕು ದಿನ ಎಷ್ಟು ಚೆನ್ನಾಗಿತ್ತು. ಅದೇ ಇನ್ನೊಂದಿಷ್ಟು ಇದ್ರೆ ಕೊಡೋ."

ಫೋನು ಹಿಡಿದುಕೊಂಡೇ ಸ್ಟೂಲಿನ ಮೇಲೆ ಕುಳಿತೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಮುಂದಿನ ಎರಡು ಗಂಟೆ ನಾನು ಎಂಥ ಮನುಷ್ಯನೆಂದು ನನಗೆ ಚೆನ್ನಾಗಿ ಗೊತ್ತಾಯಿತು. ಹನ್ನೆರಡು ಮಾತ್ರೆಯಿಂದ ಏನಾಗುತ್ತದೆ ಎಂದುಕೊಂಡೆ. ಹಳೆಯ ಮಾತ್ರೆ, ಕಸುವು ಹೋಗಿರುತ್ತದೆ ಎಂದುಕೊಂಡೆ. ಇಲ್ಲದ ಸೋಂಕನ್ನು ಇದೆಯೆಂದು ಹೇಳಿ ಅಕ್ಕನನ್ನು ಇನ್ನೊಂದು ತಿಂಗಳು ನರಳಿಸಲೇ ಎಂದುಕೊಂಡೆ. ಇದು ನನಗೆ ತುಂಬ ದಯಾಪರ ಯೋಚನೆಯೆನಿಸಿತು. ಯಾರಿಗೂ ತಿಳಿಯುವ ಹಾಗಿರಲಿಲ್ಲ. ಅಕ್ಕನಿಗೆ ಆ ಚೌಕದ ಅರ್ಥ ಗೊತ್ತಿಲ್ಲ, ಗೊತ್ತಿದ್ದವನು ನಾನೊಬ್ಬನೇ. ಆರು ವರ್ಷ ನನ್ನಿಂದ ಬೈಸಿಕೊಂಡ ನರ್ಸುಗಳ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ನನಗೆ ಹೆದರಿಕೆಯಾಗಿದ್ದು ಅಕ್ಕನ ಕಾಲಿನ ಬಗ್ಗೆಯೋ ಆ ಮುಖಗಳ ಬಗ್ಗೆಯೋ ಎಂದು ಕೇಳಿದರೆ, ಮೊದಲ ಒಂದು ಗಂಟೆಯ ಮಟ್ಟಿಗೆ ಉತ್ತರ ಹೇಳಲು ನಾಚಿಕೆಯಾಗುತ್ತದೆ.

ಅಷ್ಟರಲ್ಲಿ ಮೇಡಂ ನನ್ನ ಮೇಜಿನ ಹತ್ತಿರ ಹಾದುಹೋಗುತ್ತಾ, "ಏನ್ ಸರ್, ಅಕ್ಕನ ಪ್ಲೇಟು ಇನ್ನೂ ಎಸೆದಿಲ್ವಾ?" ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ಎದ್ದೇ ನಿಂತುಬಿಟ್ಟೆ.

"ಮೇಡಂ, ಅಕ್ಕ ಮಾತ್ರೆ ತಗೊಂಡಿದ್ಲು. ಆ್ಯಂಟಿಬಯೋಟಿಕ್. ನೀರು ತೆಗೆಯೋಕೆ ಆರು ದಿನ ಮುಂಚೆ ತನಕ."

"ಯಾರು ಬರೆದುಕೊಟ್ಟಿದ್ದು?"

"ಯಾರೂ ಬರೆದುಕೊಟ್ಟಿದ್ದಲ್ಲ. ನಾನು ಕೊಟ್ಟಿದ್ದು."

"ಫಾರಮ್ ತುಂಬಿದ್ದು?"

"ಅದೂ ನಾನೇ."

ಬೈಯುತ್ತಾರೆಂದುಕೊಂಡೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಬೆರಳು ಮಡಿಸಿ ಲೆಕ್ಕ ಹಾಕಿದರು. "ಆರು, ಹದಿನಾಲ್ಕು. ಮಾತ್ರೆ ಬಿಟ್ಟು ಇಪ್ಪತ್ತು ದಿನ ಆಯ್ತು. ಒಳ್ಳೇದು, ಈಗ ತೆಗೀಬಹುದು. ಈ ಸಲ ಬರೀ ನೀರು ಸಾಲದು, ಕೀಲಿನ ಒಳಪದರದ್ದೂ ಎರಡು ಚೂರು ಬೇಕು ಅಂತ ಡಾಕ್ಟರಿಗೆ ಹೇಳ್ತೀನಿ. ರಿಪೋರ್ಟ್ ವಾಪಸ್ ತಗೊಳ್ಳೋಣ." ಎರಡು ಹೆಜ್ಜೆ ಹೋಗಿ ತಿರುಗಿದರು. "ಯಾಕೆ ಅಂತ ರಿಪೋರ್ಟಲ್ಲಿ ನೀವೇ ಬರೀರಿ. ನಿಮ್ಮ ಅಕ್ಷರ ಚೆನ್ನಾಗಿದೆ."

ಬರೆದೆ. ಮೂಳೆ ಡಾಕ್ಟರು ಅದನ್ನು ಓದಿ ಗುರುವಾರದ ಆಪರೇಷನ್ ರದ್ದು ಮಾಡಿದರು. ಇನ್ನುಳಿದದ್ದು ಅಕ್ಕನಿಗೆ ಹೇಳುವುದು. ಸಂಜೆ ಅವಳ ಮನೆಗೆ ಹೋದೆ. ಅವಳು ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು, ಆಸ್ಪತ್ರೆಗೆ ಒಯ್ಯುವ ಚೀಲ ಜೋಡಿಸುತ್ತಿದ್ದಳು. ನಿಂತೇ ಎಲ್ಲವನ್ನೂ ಹೇಳಿದೆ. ಅವಳು ಕೈಯಲ್ಲಿದ್ದ ಟವೆಲ್ಲನ್ನು ಮಡಿಸಿ ಪಕ್ಕಕ್ಕಿಟ್ಟಳು.

"ಅಂದ್ರೆ ನೀನೇ ಕೊಟ್ಟೆ, ನೀನೇ ಇಲ್ಲ ಅಂತ ಬರೆದೆ, ನೀನೇ ಹುಡುಕಿದೆ, ನೀನೇ ಸಿಗ್ಲಿಲ್ಲ ಅಂದೆ."

"ಹೌದಕ್ಕ."

"ಶಾಲೇಲಿ ಇಂಥದ್ದು ಯಾರಾದ್ರೂ ಮಾಡಿದ್ರೆ ಮೈದಾನ ಹತ್ತು ಸುತ್ತು ಓಡಿಸ್ತಿದ್ದೆ."

"ಈಗ್ಲೂ ಓಡ್ತೀನಿ."

"ಬೇಡಪ್ಪಾ. ಒಂದು ಸುತ್ತಿಗೆ ಮೂಳೆ ಡಾಕ್ಟರಿಗೆ ಇನ್ನೊಬ್ಬ ಗಿರಾಕಿ ಆಗ್ತೀಯ." ಆಮೇಲೆ ನಗದೆ ಕೇಳಿದಳು, "ಮತ್ತೆ ಸೂಜಿನಾ?"

"ಮತ್ತೆ ಸೂಜಿ. ಮತ್ತೆ ಹದಿನಾಲ್ಕು ದಿನ. ಅಲ್ಲೀತನಕ ಯಾವ ಮಾತ್ರೇನೂ ಬೇಡ, ನೋವಿನದು ಬಿಟ್ಟು."

"ಆಗಲೂ ಏನೂ ಸಿಗದಿದ್ರೆ?"

"ಸಿಗದಿದ್ರೆ ಒಳ್ಳೇದಲ್ವಾ ಅಕ್ಕ?"

ಅವಳು ನನ್ನನ್ನು ಒಂದು ಥರ ನೋಡಿದಳು. ಆ ನೋಟದ ಅರ್ಥ ನನಗೆ ಅವತ್ತು ಆಗಲಿಲ್ಲ. ಬಾಗಿಲ ತನಕ ಬಂದು ಕಳಿಸುವ ಅಕ್ಕ ಅವತ್ತು ಏಳಲಿಲ್ಲ.

ಎರಡನೆಯ ಸಲ ಮೂರು ಸೀಸೆ ಬಂದವು. ಒಂದರಲ್ಲಿ ನೀರು, ಎರಡರಲ್ಲಿ ಅಕ್ಕಿಕಾಳಿನಷ್ಟು ಒಳಪದರದ ಚೂರುಗಳು. ಈ ಕೆಲಸ ಬೇರೆಯವರು ಮಾಡಲಿ ಎಂದೆ. "ನೀವೇ ಮಾಡಿ. ಈ ಪ್ಲೇಟುಗಳನ್ನ ಮೂರನೇ ದಿನ ಎಸೆಯೋ ಧೈರ್ಯ ಈಗ ನಿಮಗೊಬ್ಬರಿಗೇ ಇಲ್ಲ" ಎಂದರು ಮೇಡಂ. ಕೈಗವಸು ಎರಡು ಜೊತೆ ಹಾಕಿಕೊಂಡೆ. ಉಸಿರು ಬಿಗಿಹಿಡಿದು ಸವರಿದೆ. ಮೊಡವೆ ರೋಗಾಣು ಎಲ್ಲರ ಚರ್ಮದ ಮೇಲೂ ಇರುತ್ತದೆ, ನನ್ನ ಮೂಗಿನ ಮೇಲಂತೂ ಅದರ ಹಳೆಯ ಸಂಸಾರ. ಅಲ್ಲಿಂದ ಒಂದು ಉದುರಿ ಅಕ್ಕನ ಪ್ಲೇಟಿಗೆ ಬಿದ್ದರೆ ಈ ಸಲ ಇಲ್ಲದ ಕಳ್ಳನನ್ನು ಹಿಡಿದುಕೊಟ್ಟಂತಾಗುತ್ತದೆ.

ಐದನೆಯ ದಿನ ಏನಿಲ್ಲ. ಏಳನೆಯ ದಿನ ಏನಿಲ್ಲ. ಅಕ್ಕನಿಗೆ ನೋವು ಹೆಚ್ಚಿ ಮೆಟ್ಟಿಲಿಳಿಯುವುದನ್ನು ಬಿಟ್ಟಳು ಎಂದು ಅವಳ ಮಗಳು ಹೇಳಿದಳು. ನನ್ನ ಫೋನನ್ನು ಅಕ್ಕ ಎತ್ತುತ್ತಿರಲಿಲ್ಲ.

ಒಂಬತ್ತನೆಯ ದಿನ ಗಾಳಿಯಿಲ್ಲದ ಜಾಡಿಯಿಂದ ತೆಗೆದ ಒಂದು ಪ್ಲೇಟಿನ ಮೇಲೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆಗಳು ಕಂಡವು, ಒಂದು ಚೂರಿನದರಲ್ಲಿ ಮಾತ್ರ. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮುರಿದ ಬೆಂಕಿಕಡ್ಡಿಗಳ ಹಾಗೆ ಚೆಲ್ಲಿಕೊಂಡಿದ್ದವು. ಅದೇ ಮೊಡವೆಯದು.

"ಒಂದು ಸಾಲದು" ಎಂದರು ಮೇಡಂ. "ಒಂದೇ ಸ್ಯಾಂಪಲ್ಲಿನಲ್ಲಿ ಬಂದ್ರೆ ಚರ್ಮದ್ದು ಅಂತಾನೂ ಹೇಳ್ಬಹುದು. ಎರಡರಲ್ಲಿ ಅದೇ ಬಂದ್ರೆ ಮಾತ್ರ ನಿಜ."

ನಾನು ಮೂಗು ಮುಚ್ಚಿಕೊಂಡೆ. ಇನ್ನೂ ಮೂರು ದಿನ ಹಾಗೆಯೇ ಹೋದವು. ಅಷ್ಟು ದಿನವೂ ಅಪರಾಧಿ ನನ್ನ ಮೂಗೋ ಅಕ್ಕನ ಮೊಣಕಾಲೋ ಎಂಬುದು ಇತ್ಯರ್ಥವಾಗಲಿಲ್ಲ. ಹನ್ನೆರಡನೆಯ ದಿನ ಬೆಳಗ್ಗೆ ನೀರಿನ ಪ್ಲೇಟನ್ನು ಕಿಟಕಿಗೆ ಹಿಡಿದೆ. ಚುಕ್ಕೆಗಳು. ಏಳು. ರೋಗಾಣು ಗುರುತಿಸುವ ಯಂತ್ರಕ್ಕೆ ಕೊಟ್ಟರೆ ಅದೂ ಅದೇ ಹೆಸರು ಹೇಳಿತು.

ಆಗ ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ಕುಣಿದೆ. ಐವತ್ತೆರಡು ವರ್ಷದ ಹೊಟ್ಟೆಯ ಮನುಷ್ಯ, ಕೈಯಲ್ಲಿ ಸ್ವಂತ ಅಕ್ಕನ ರೋಗಾಣು ಹಿಡಿದು, "ಬಂತು! ಬಂತು!" ಎಂದು ಕುಣಿದೆ. ಸೀಸೆ ತೊಳೆಯುವ ಹೆಂಗಸು, "ಏನ್ ಸರ್, ಮನೇಲಿ ಮಗು ಆಯ್ತಾ?" ಎಂದು ಕೇಳಿದಳು. ಆಗ ನಿಂತೆ. ಬಂದದ್ದು ಏನೆಂದು ಆಗ ತಲೆಗೆ ಹೋಯಿತು. ಅರವತ್ತೊಂದು ವರ್ಷದ ಅಕ್ಕನ ಕಾಲಿನಿಂದ ಕೀಲನ್ನು ತೆಗೆಯಬೇಕು. ಎರಡು ತಿಂಗಳು ಅವಳು ಸಿಮೆಂಟಿನ ತುಂಡಿನ ಮೇಲೆ ಇರಬೇಕು. ಎರಡು ಆಪರೇಷನ್.

ಎರಡೂ ಆಪರೇಷನ್ ಆದವು, ಚೆನ್ನಾಗಿಯೇ ಆದವು, ಓದುವವರು ಗಾಬರಿಯಾಗುವುದು ಬೇಡ. ತೆಗೆದ ಕೀಲನ್ನು ಉಪ್ಪುನೀರಿನ ಡಬ್ಬಿಯಲ್ಲಿಟ್ಟು, ಒಡವೆ ತೊಳೆಯುವವರಲ್ಲಿರುವಂಥ ಶಬ್ದದಿಂದ ಅದುರಿಸುವ ಯಂತ್ರದಲ್ಲಿ ಐದು ನಿಮಿಷ ಅದುರಿಸಿದೆವು. ಲೋಳೆ ಬಿಟ್ಟುಕೊಂಡ ಆ ನೀರಿನಲ್ಲೂ ಅದೇ ರೋಗಾಣು ಲೆಕ್ಕವಿಲ್ಲದಷ್ಟು ಬೆಳೆಯಿತು. ಅಕ್ಕ ಈಗ ಕೋಲಿಲ್ಲದೆ ನಡೆಯುತ್ತಾಳೆ. ಆದರೆ ಇದನ್ನೆಲ್ಲ ಬರೆಯಲು ಕೂತದ್ದು ಅದಕ್ಕಲ್ಲ, ಅವತ್ತು ಬೆಳಗ್ಗೆ ಮಾಡಿದ ಫೋನಿಗೆ.

ಮೂರನೆಯ ಸಲಕ್ಕೆ ಎತ್ತಿದಳು.

"ಅಕ್ಕ, ಬೆಳೀತು. ಎರಡು ಸೀಸೇಲಿ ಬೆಳೀತು. ಸೋಂಕಿದೆ." ನಾನು ಹೆದರಿ ಒಂದೇ ಉಸಿರಿಗೆ ಹೇಳುತ್ತಾ ಹೋದೆ. ಕೀಲು ತೆಗೆಯುತ್ತಾರೆ, ಎರಡು ತಿಂಗಳು, ಔಷಧಿಯಿದೆ, ಮೊಡವೆಯದ್ದು ಅಂಥ ದೊಡ್ಡ ರಾಕ್ಷಸನಲ್ಲ, ನಾನಿದ್ದೇನೆ.

"ಅಂದ್ರೆ ಏನೋ ಇತ್ತು" ಎಂದಳು ಅಕ್ಕ.

"ಇತ್ತು ಅಕ್ಕ."

"ಮೊದಲಿಂದ್ಲೂ ಇತ್ತಾ?"

"ಮೊದಲಿಂದ್ಲೂ ಇದ್ದಿರ್ಬೇಕು."

ಆ ಕಡೆ ಅಕ್ಕ ಅಳುತ್ತಿದ್ದಳು. ಸೀಟಿ ಊದಿದವಳು, ಅಮ್ಮ ಹೋದಾಗ ನನ್ನ ಕಣ್ಣೊರೆಸಿ ತಾನು ಅಳದೆ ನಿಂತವಳು, ಹಾಗೆ ಬಿಕ್ಕಿ ಅತ್ತದ್ದನ್ನು ನಾನು ಕೇಳಿರಲಿಲ್ಲ. ಕಾಲಿಗಾಗಿ ಅಳುತ್ತಿದ್ದಾಳೆಂದುಕೊಂಡು ಸಮಾಧಾನ ಹೇಳಲು ಹೋದೆ.

"ಸುಮ್ನಿರೋ" ಎಂದಳು. "ಕಾಲು ಹಾಳಾಗ್ಲಿ. ಒಂದು ವರ್ಷದ ಮೇಲಾಯ್ತು, ನನಗೇ ನನ್ನ ಮೇಲೆ ಅನುಮಾನ ಬಂದಿತ್ತು. ನೀವೆಲ್ಲ ಹೇಳಿ ಹೇಳಿ, ನೋವು ಬಂದಾಗ ಇದು ನಿಜವಾಗ್ಲೂ ನೋವಾ, ನಾನೇ ಮಾಡ್ಕೊಂಡಿದ್ದಾ ಅಂತ ಹಾಸಿಗೇಲಿ ಕೂತು ಯೋಚನೆ ಮಾಡ್ತಿದ್ದೆ. ಇವತ್ತೂ ಏನೂ ಸಿಗದಿದ್ರೆ ನಾನು ಹುಚ್ಚಿ ಅಂತಾನೇ ಆಗ್ತಿತ್ತು." ಮೂಗು ಏರಿಸಿಕೊಂಡಳು. "ನಾನು ಹೇಳಿದ್ರೆ ನಂಬ್ಲಿಲ್ಲ. ಹುಳ ಬಂದು ಹೇಳಿದ್ರೆ ನಂಬ್ತೀಯಲ್ಲೋ."

ಅರ್ಧ ಡಾಕ್ಟರ ಬಾಯಲ್ಲಿ ಒಂದು "ಹೂಂ" ಕೂಡ ಬರಲಿಲ್ಲ.

"ತಪ್ಪಾಯ್ತು ಅಕ್ಕ" ಎಂದೆ.